ಜಪಾನಿನ ಹಳೆಯ ಪದ್ಧತಿಯಲ್ಲಿ ರೇಷ್ಮೆ: 200 ಹುಳು, ಮೊಟ್ಟೆಯಿಂದ ನೂಲಿನವರೆಗೆ

ಜಪಾನಿನಲ್ಲಿ ನೆಲೆಸಿರುವ ಕನ್ನಡಿಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮಗು ಶಾಲೆಯಿಂದ ಡಬ್ಬಿಯಲ್ಲಿ ರೇಷ್ಮೆಹುಳು ತಂದಿರುತ್ತದೆ. ಇಲ್ಲವೇ ಗುನ್ಮಾ ಪ್ರಾಂತ್ಯದ ತೊಮಿಯೋಕಕ್ಕೆ ಹೋಗಿ, 1872ರಲ್ಲಿ ಶುರುವಾದ ಆ ನೂಲು ಗಿರಣಿ ನೋಡಿ ಬಂದ ಮೇಲೆ ಆಸೆ ಹುಟ್ಟಿರುತ್ತದೆ. ಗಿರಣಿ ಬರುವ ಮುಂಚೆ ರೈತರ ಮನೆಗಳಲ್ಲಿ ನಡೆಯುತ್ತಿದ್ದ ಹಾಗೆ ಹುಳು ಸಾಕಿ, ಗೂಡು ಕಟ್ಟಿಸಿ, ಕೈಯಲ್ಲೇ ನೂಲು ತೆಗೆಯಬಹುದೇ?

ತೆಗೆಯಬಹುದು. ಮೊಟ್ಟೆ ಒಡೆದ ದಿನದಿಂದ ಗೂಡು ಬಿಡಿಸುವವರೆಗೆ ಐದು ವಾರ ಹಿಡಿಯುತ್ತದೆ. ನೂಲಿಗೆ ಇನ್ನೆರಡು ದಿನ ಬೇಕು. ಆ ಐದು ವಾರ ಮನೆ ಬಿಟ್ಟು ಊರಿಗೆ ಹೋಗುವಂತಿಲ್ಲ.

ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಇದರಲ್ಲಿ ಅರ್ಧ ಗೊತ್ತಿರುವ ವಿಷಯವೇ. ಎಡವುವುದೂ ಅಲ್ಲಿಯೇ. ನಮ್ಮಲ್ಲಿ ವರ್ಷವಿಡೀ ಸೊಪ್ಪು ಸಿಗುತ್ತದೆ, ಒಂದು ಬೆಳೆ ಕೆಟ್ಟರೆ ಮುಂದಿನ ತಿಂಗಳು ಇನ್ನೊಂದು. ಜಪಾನಿನಲ್ಲಿ ಚಳಿಗಾಲಕ್ಕೆ ಹಿಪ್ಪುನೇರಳೆ ಎಲೆ ಉದುರಿಸುತ್ತದೆ, ಹುಳು ದ್ವಿತಳಿ (ವರ್ಷಕ್ಕೆ ಎರಡೇ ಪೀಳಿಗೆ ನಡೆಯುವ ತಳಿ), ತಪ್ಪಿದರೆ ಕಾಯಬೇಕು. ಹಾಗಾಗಿ ಅಲ್ಲಿಯ ಹಳೆಯ ಸಾಕಣೆದಾರರು ಒಂದು ವಿಷಯದಲ್ಲಿ ಹಟ ಹಿಡಿದವರು: ಎಲ್ಲ ಹುಳುವೂ ಒಂದೇ ವಯಸ್ಸಿನಲ್ಲಿರಬೇಕು, ಒಟ್ಟಿಗೆ ಉಣ್ಣಬೇಕು, ಒಟ್ಟಿಗೆ ಜ್ವರಕ್ಕೆ (ಪೊರೆ ಕಳಚಲು ಮೇವು ಬಿಟ್ಟು) ಕೂರಬೇಕು, ಒಟ್ಟಿಗೆ ಹಣ್ಣಾಗಬೇಕು (ಗೂಡು ಕಟ್ಟಲು ಸಿದ್ಧವಾಗಬೇಕು). ಕೆಳಗಿನ ಬಹುಪಾಲು ಸೂಚನೆಗಳು ಇದಕ್ಕಾಗಿಯೇ ಇವೆ.

ಸೇರಿಸಿಕೊಳ್ಳಬೇಕಾದವು

ಲೆಕ್ಕವೆಲ್ಲ 200 ಹುಳುವಿನದು.

- ಸೊಪ್ಪು: ಒಟ್ಟು 5 ಕಿಲೋ ತಿನ್ನುತ್ತವೆ, 7 ಕಿಲೋ ಸಿಗುವ ಮರ ಗೊತ್ತಿರಲಿ
- ಅಗಲ ತಟ್ಟೆ ಎರಡು, 60 ಸೆಂ.ಮೀ. ಚೌಕದ್ದು. ಹಿಂದೆ ಬಿದಿರಿನ ತಟ್ಟೆಗೆ ಹುಲ್ಲಿನ ಚಾಪೆ ಹಾಸುತ್ತಿದ್ದರು. ರಟ್ಟಿನ ಪೆಟ್ಟಿಗೆಯೂ ಆದೀತು
- ಹಕ್ಕಿಯ ಮೆತ್ತನೆಯ ಗರಿ, ಮೇಣದ ಕಾಗದ, ದಾರದ ಬಲೆ (ಸಣ್ಣ ಕಣ್ಣಿನದೊಂದು, 1.5 ಸೆಂ.ಮೀ. ಕಣ್ಣಿನದೊಂದು)
- ತಾಪಮಾನ, ತೇವ ಎರಡನ್ನೂ ತೋರಿಸುವ ಮಾಪಕ
- ಸುಟ್ಟು ಕಪ್ಪಾಗಿಸಿದ ಭತ್ತದ ಹೊಟ್ಟು ಅಥವಾ ಅರಳಿದ ಸುಣ್ಣದ ಪುಡಿ
- ಸ್ಟೀಲ್ ಇಲ್ಲವೇ ಎನಾಮೆಲ್ ಪಾತ್ರೆ. ಕಬ್ಬಿಣ ಬೇಡ, ನೂಲಿಗೆ ಕಲೆ ಹಿಡಿಯುತ್ತದೆ
- ಕೈಯಿಂದ ತಿರುಗಿಸುವ ರಾಟೆ

ಮಾಪಕವನ್ನು ಹೊಸ ಕಾಲದ ಷೋಕಿ ಎಂದುಕೊಳ್ಳಬೇಡಿ. ಫುಕುಶಿಮಾ ಕಡೆಯ ನಾಕಾಮುರಾ ಜೆನ್‌ಎಮೊನ್ ಹುಳುಮನೆಗೆಂದೇ ತಾಪಮಾಪಕ ಮಾಡಿ, ಬಳಸುವ ವಿಧಾನವನ್ನು 1849ರಲ್ಲೇ ಅಚ್ಚು ಹಾಕಿಸಿದ್ದ.

ತಟ್ಟೆ, ಬಲೆಗಳನ್ನು ಹುಳು ಬರುವ ಒಂದು ವಾರ ಮೊದಲು ಶೇ. 2ರ ಬ್ಲೀಚಿಂಗ್ ಪುಡಿ ನೀರಿನಲ್ಲಿ ತೊಳೆದು ಬಿಸಿಲಿಗಿಡಿ. ವಾಸನೆ ಪೂರ್ತಿ ಹೋಗಿರಬೇಕು.

1. ಕಾಲ ಮತ್ತು ಮೊಟ್ಟೆ

ವಸಂತದ ಬೆಳೆಯನ್ನೇ ಆರಿಸಿ. ಮೇ ತಿಂಗಳ ಮೊದಲ ಹದಿನೈದು ದಿನದಲ್ಲಿ ಚಾಕಿ ಕಟ್ಟಿದರೆ (ಆಗಷ್ಟೇ ಒಡೆದ ಮರಿಗಳನ್ನು ಸಾಕಲು ಇಳಿಸಿದರೆ) ಜೂನ್‌ನಲ್ಲಿ ಮಳೆಗಾಲ ಬಲಿಯುವಷ್ಟರಲ್ಲಿ ಗೂಡು ಕೈಗೆ ಬರುತ್ತದೆ. ಬೇಸಿಗೆ, ಶರತ್ಕಾಲದ ಬೆಳೆಗಳೂ ಉಂಟು. ಮೊಟ್ಟೆಯನ್ನು ತಂಪಿನಲ್ಲಿಟ್ಟು ಒಡೆಯುವುದನ್ನು ಮುಂದೂಡುವುದರಿಂದ ಅವು ಸಾಧ್ಯವಾದವು. ಬಂಡೆಗಳ ಸಂದಿಯಿಂದ ಬರುವ ತಣ್ಣನೆಯ ಗಾಳಿಯಲ್ಲಿ ಮೊಟ್ಟೆ ಕಾಪಿಟ್ಟ ಅರಾಫುನೆಯ ಉಗ್ರಾಣ ತೊಮಿಯೋಕದ ಜೊತೆಗೇ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದೆ. ಆದರೆ ಹೊಸಬರಿಗೆ ಬೇಸಿಗೆಯ ಸೆಕೆ ಬೇಡ.

ಜಪಾನಿನಲ್ಲಿ ಮೊಟ್ಟೆಯ ಪೆಟ್ಟಿಗೆ ಎಂದರೆ 20,000 ಮೊಟ್ಟೆ. ನಿಮಗೆ 250 ಸಾಕು. ಸಣ್ಣ ಲೆಕ್ಕದಲ್ಲೂ ಕೊಡುವ ಮೊಟ್ಟೆ ಉತ್ಪಾದಕರಿದ್ದಾರೆ. ರೋಗಪರೀಕ್ಷೆ ಆದ ಮೊಟ್ಟೆಯನ್ನೇ ಕೊಳ್ಳಿ. ಗಂಟು ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೇ ಇಳಿಯುತ್ತದೆ, ಆಮೇಲೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಜಪಾನಿನ ಮೊಟ್ಟೆಯನ್ನು ಊರಿಗೆ ಚೀಲದಲ್ಲಿ ತರುವ ಯೋಚನೆ ಬಿಡಿ: ಅನುಮತಿಯಿಲ್ಲದೆ ತರುವಂತಿಲ್ಲ, ರೋಗ ತಂದರೆ ನೂರಾರು ಮನೆಯ ಬೆಳೆಗೆ ಪೆಟ್ಟು. ಕರ್ನಾಟಕದಲ್ಲಿ ಮಾಡುವವರು ಮರಿಹುಳು ಸಾಕಿ ಕೊಡುವ ಹತ್ತಿರದ ಚಾಕಿ ಕೇಂದ್ರದಿಂದ ದ್ವಿತಳಿ ಹುಳು ತಂದು ಮೂರನೇ ಹಂತದಿಂದ ಶುರುಮಾಡಿ.

ಮೊಟ್ಟೆಯನ್ನು 25 ಡಿಗ್ರಿ, ಶೇ. 75–80 ತೇವದಲ್ಲಿಡಿ. ಹತ್ತು ಹನ್ನೆರಡು ದಿನಕ್ಕೆ ಒಡೆಯುತ್ತವೆ. ಒಡೆಯಲು ಎರಡು ದಿನ ಮುಂಚೆ ಪ್ರತಿ ಮೊಟ್ಟೆಯಲ್ಲೂ ನೀಲಿ ಚುಕ್ಕೆ ಕಾಣುತ್ತದೆ. ಕಂಡ ಕೂಡಲೇ ಕಪ್ಪು ಬಟ್ಟೆ ಸುತ್ತಿ ಕತ್ತಲಲ್ಲಿಡಿ. ಮೂರನೆಯ ದಿನ ನಸುಕಿನಲ್ಲಿ ಬಟ್ಟೆ ತೆಗೆದು ಬೆಳಕು ತೋರಿಸಿ. ಕತ್ತಲು ಮುಂದಿದ್ದವನ್ನು ತಡೆದು ಹಿಂದಿದ್ದವಕ್ಕೆ ಸಮಯ ಕೊಡುತ್ತದೆ, ಬೆಳಗಿನ ಹೊತ್ತಿಗೆ ಎಲ್ಲವೂ ಒಟ್ಟಿಗೆ ಒಡೆಯುತ್ತವೆ. ಈ ಕೆಲಸ ಬಿಟ್ಟರೆ ಮೂರು ದಿನ ಚೂರುಚೂರೇ ಒಡೆದು, ಕೊನೆಯವರೆಗೂ ಮೂರು ವಯಸ್ಸಿನ ಹುಳು ಸಾಕಬೇಕಾಗುತ್ತದೆ.

2. ಚಾಕಿ ಕಟ್ಟುವುದು (ಹಕಿತಾತೆ)

ಒಡೆದ ಹುಳು ಮೈತುಂಬ ಕೂದಲಿರುವ ಕಪ್ಪು ಎಳೆ, 3 ಮಿ.ಮೀ. ಉದ್ದ. ಬೆರಳಿನಿಂದ ಮುಟ್ಟಬೇಡಿ. ಬೆಳಗ್ಗೆ ಒಂಬತ್ತು–ಹತ್ತರ ಹೊತ್ತಿಗೆ ತೆಳುವಾಗಿ ಹೆಚ್ಚಿದ ಸೊಪ್ಪನ್ನು ಮೇಲೆ ಉದುರಿಸಿ. ಹುಳು ಹತ್ತಿದ ಮೇಲೆ ಗರಿಯಿಂದ ಮೇಣದ ಕಾಗದದ ಮೇಲಕ್ಕೆ ಗುಡಿಸಿ. 200 ಹುಳುವಿಗೆ ಅಂಗೈಯಗಲದ ಹಾಸಿಗೆ ಸಾಕು. ಮರುದಿನ ಒಡೆದವನ್ನು ಅದೇ ತಟ್ಟೆಗೆ ಸೇರಿಸಬೇಡಿ.

3. ಸೊಪ್ಪು ಮತ್ತು ಹವೆ

ಒಂದು ಪೊರೆ ಕಳಚುವುದರಿಂದ ಇನ್ನೊಂದರವರೆಗಿನ ಅವಧಿಗೆ ವಯಸ್ಸು ಎನ್ನುತ್ತಾರೆ, ಒಟ್ಟು ಐದು. ಮೊದಲ ವಯಸ್ಸಿಗೆ ಕುಡಿಯಿಂದ ಮೂರು–ನಾಲ್ಕನೆಯ ಹೊಳಪಿನ ಎಲೆ, ಅರ್ಧ ಸೆಂಟಿಮೀಟರ್ ಹೆಚ್ಚಿದ್ದು. ಹುಳು ದೊಡ್ಡದಾದಂತೆ ಕೆಳಗಿನ ಎಲೆಗೆ ಇಳಿಯಿರಿ. ನಾಲ್ಕನೇ ವಯಸ್ಸಿನಿಂದ ಹೆಚ್ಚುವುದು ಬೇಡ. ದಿನಕ್ಕೆ ಮೂರು ಸಲ ಕೊಡಿ, ರಾತ್ರಿಯ ಮೇವು ದೊಡ್ಡದಿರಲಿ.

ಒಟ್ಟು ಸೊಪ್ಪು ಹೀಗೆ ಖರ್ಚಾಗುತ್ತದೆ: ಮೊದಲ ವಯಸ್ಸಿಗೆ 15 ಗ್ರಾಂ, ಎರಡನೆಯದಕ್ಕೆ 40, ಮೂರನೆಯದಕ್ಕೆ 150–200, ನಾಲ್ಕನೆಯದಕ್ಕೆ 600, ಐದನೆಯದಕ್ಕೆ 4 ಕಿಲೋ. ಮೊದಲ ಎರಡು ವಾರ "ಇವೇನು ತಿನ್ನುವುದೇ ಇಲ್ಲ" ಅನ್ನಿಸಿ ಮೈಮರೆತವರು ಕೊನೆಯ ವಾರ ನದಿ ದಂಡೆಯಲ್ಲಿ ಹಿಪ್ಪುನೇರಳೆ ಹುಡುಕುತ್ತಾ ಓಡುತ್ತಾರೆ.

ಹವೆಯ ಲೆಕ್ಕ ತಲೆಕೆಳಗು: ಮರಿಗೆ ಬಿಸಿ ಮತ್ತು ತೇವ, ದೊಡ್ಡದಕ್ಕೆ ತಂಪು ಮತ್ತು ಗಾಳಿ. ಮೊದಲೆರಡು ವಯಸ್ಸಿಗೆ 27 ಡಿಗ್ರಿ, ಶೇ. 85 ತೇವ, ಮೇಲೆ ಮೇಣದ ಕಾಗದದ ಮುಚ್ಚಿಗೆ. ಮೂರನೆಯದಕ್ಕೆ 25–26. ನಾಲ್ಕು, ಐದಕ್ಕೆ 23–25, ತೇವ ಶೇ. 70ಕ್ಕಿಂತ ಕೆಳಗೆ. ಈ ಸಮತೋಲಕ್ಕಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ಪಂಥಗಳೇ ಇದ್ದವು. ಈಶಾನ್ಯದ ಚಳಿಯ ಪ್ರದೇಶದವರು ಬೆಂಕಿ ಹಾಕಿ ಬೇಗ ಬೆಳೆಸುತ್ತಿದ್ದರು. ಗುನ್ಮಾದ ತಾಜಿಮಾ ಯಾಹೆಯಿ ಮಾಳಿಗೆಯ ನೆತ್ತಿಗೇ ಗಾಳಿಕಿಂಡಿ ಕಟ್ಟಿ ಹವೆಯನ್ನೇ ನಂಬಿದ. ಎರಡನ್ನೂ ಬೆಸೆದು, ಚಳಿಯಿದ್ದರೆ ಬೆಂಕಿ, ಸೆಕೆಯಿದ್ದರೆ ಕಿಟಕಿ ಎಂಬ ಪದ್ಧತಿಯನ್ನು ಬೋಧಿಸಿದವನು ತಾಕಾಯಾಮಾ ಚೋಗೊರೊ. ನೀವು ಅನುಸರಿಸುವುದು ಮೂರನೆಯವನನ್ನು. ಆದರೆ ಏಸಿಯ ಗಾಳಿ ನೇರವಾಗಿ ತಟ್ಟೆಗೆ ಬೀಸದಿರಲಿ.

*ಸೊಪ್ಪಿನ ಅಪಾಯಗಳು.* ಒದ್ದೆ ಸೊಪ್ಪು ಹಾಕಬೇಡಿ. ಮಳೆಯಲ್ಲಿ ಕೊಯ್ದದ್ದನ್ನು ಒರೆಸಿ ನೆರಳಿನಲ್ಲಿ ಆರಿಸಿ. ದಾರಿ ಬದಿಯ ಮರಕ್ಕೆ ಯಾರು ಏನು ಸಿಂಪಡಿಸಿದ್ದಾರೋ ಗೊತ್ತಾಗದು, ಅದಕ್ಕೆ ಮೊದಲು ಐದು ಹುಳುವಿಗೆ ಮಾತ್ರ ಕೊಟ್ಟು ಒಂದು ದಿನ ನೋಡಿ. ತಲೆ ಎತ್ತಿ ಒದ್ದಾಡಿ ಹಸಿರು ವಾಂತಿ ಮಾಡಿದರೆ ಆ ಮರ ಬೇಡ. ಸೊಳ್ಳೆಬತ್ತಿ, ಸೊಳ್ಳೆ ಓಡಿಸುವ ವಿದ್ಯುತ್ ಬಾಟಲಿ, ನಾಯಿ ಬೆಕ್ಕಿಗೆ ಹಾಕುವ ಚಿಗಟದ ಔಷಧಿ, ಸಿಗರೇಟು ಮುಟ್ಟಿದ ಕೈ: ಇವುಗಳಲ್ಲಿ ಯಾವುದೊಂದೂ ಒಂದೇ ರಾತ್ರಿಯಲ್ಲಿ ತಟ್ಟೆ ಖಾಲಿ ಮಾಡಬಲ್ಲದು.

ಮರಿಗಳು ಹುಳುವಿನ ಮೈಯೊಳಗೆ ಬೆಳೆದು ಅದನ್ನು ಕೊಲ್ಲುವ ಊಜಿ ನೊಣದ ವಿಷಯದಲ್ಲಿ ನಮ್ಮ ರೈತರಿಗೆ ಒಂದು ಮಾತು. ನಮ್ಮಲ್ಲಿಯದು ಹುಳುವಿನ ಮೈ ಮೇಲೆ ಮೊಟ್ಟೆಯಿಡುತ್ತದೆ, ಕಿಟಕಿಗೆ ಪರದೆ ಕಟ್ಟಿದರೆ ತಡೆಯುತ್ತೇವೆ. ಜಪಾನಿನ ಊಜಿ ಎಲೆಯ ಮೇಲಿಡುತ್ತದೆ; ಹುಳು ಎಲೆಯ ಜೊತೆ ನುಂಗುತ್ತದೆ. ಪರದೆಯನ್ನೇ ನಂಬಿ ಕೂರಬೇಡಿ, ಕಾಡಿನಂಚಿನ ಮರದ ಸೊಪ್ಪನ್ನು ದೊಡ್ಡ ಹುಳುವಿಗೆ ಕೊಡದಿರುವುದು ಒಳ್ಳೆಯದು.

4. ನಾಲ್ಕು ಜ್ವರ

ಬೆಳೆ ಕೆಡುವುದು ಹೆಚ್ಚಾಗಿ ಇಲ್ಲಿ. ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ನಾವು ಜ್ವರ ಎನ್ನುವುದನ್ನು ಜಪಾನೀಯರು ನಿದ್ದೆ ಎನ್ನುತ್ತಾರೆ. ಹಳಬರು ನಾಲ್ಕಕ್ಕೂ ಹೆಸರಿಟ್ಟಿದ್ದಾರೆ: ಸಿಂಹ, ಗಿಡುಗ, ದೋಣಿ, ಅಂಗಳ. ಮಲತಾಯಿಯ ಕಾಟಕ್ಕೆ ಸಿಂಹಗಳ ಬೆಟ್ಟ, ಗಿಡುಗಗಳ ಬೆಟ್ಟ, ನಡುಗಡ್ಡೆ, ಅಂಗಳದ ಗುಂಡಿ ಎಂದು ನಾಲ್ಕು ಸಲ ಸಾವಿನಿಂದ ಪಾರಾಗಿ, ಭಾರತದಿಂದ ಮರದ ದೋಣಿಯಲ್ಲಿ ತೇಲಿ ಬಂದ ರಾಜಕುಮಾರಿ ಕೊಂಜಿಕಿ-ಹಿಮೆ ಹುಳುವಾದಳು ಎಂಬ ಕಥೆ ಇದರ ಹಿಂದಿದೆ.

ಗುರುತು: ಮೈ ಬಿಗಿದು ಹೊಳೆಯುತ್ತದೆ, ತಲೆ ಮೈಗಿಂತ ಸಣ್ಣದಾಗಿ ಕಾಣುತ್ತದೆ, ಹುಳು ಮುಂಭಾಗ ಎತ್ತಿ ಅಲುಗದೆ ಕೂರುತ್ತದೆ.

ಕ್ರಮ ಇದು.

ಅ) ಅಲ್ಲೊಂದು ಇಲ್ಲೊಂದು ಕೂರುವುದು ಕಂಡ ಕೂಡಲೇ ಬಲೆ ಹಾಸಿ ಮೇಲೆ ತೆಳುವಾಗಿ ಸೊಪ್ಪು ಹಾಕಿ. ಹುಳು ಬಲೆಯ ಕಣ್ಣಿನಿಂದ ಮೇಲೆ ಬರುತ್ತವೆ. ಬಲೆ ಎತ್ತಿ ಶುಭ್ರ ತಟ್ಟೆಗೆ ಹಾಕಿ. ಹಿಕ್ಕೆ, ಉಳಿದ ಸೊಪ್ಪು ಕೆಳಗೇ ಉಳಿಯುತ್ತದೆ.

ಆ) ನೂರಕ್ಕೆ ತೊಂಬತ್ತು ಕೂತ ಮೇಲೆ ಮೇವು ನಿಲ್ಲಿಸಿ. ಸುಟ್ಟ ಹೊಟ್ಟನ್ನೋ ಸುಣ್ಣದ ಪುಡಿಯನ್ನೋ ತೆಳುವಾಗಿ ಉದುರಿಸಿ. ಹಾಸಿಗೆ ಒಣಗುತ್ತದೆ, ಜೊತೆಗೆ ಉಳಿದ ಎಲೆ ತಿನ್ನಲಾಗದಂತಾಗುತ್ತದೆ. ಮೊದಲು ಎದ್ದ ಹುಳು ತಿಂದು ಮುಂದೆ ಓಡುವುದನ್ನು ತಡೆಯುವುದು ಹೀಗೆ.

ಇ) ಇನ್ನೂ ಕೂರದೆ ತಿರುಗುತ್ತಿರುವ ಬಡಕಲು ಹುಳುವನ್ನು ತೆಗೆದುಬಿಡಿ. ಕನಿಕರ ಪಟ್ಟು ಉಳಿಸಿಕೊಂಡದ್ದೇ ಹೆಚ್ಚಾಗಿ ಹಾಲುತೊಂಡೆ ರೋಗಕ್ಕೆ ಬೀಜವಾಗುತ್ತದೆ.

ಈ) ಮುಟ್ಟಬೇಡಿ, ಅಲುಗಿಸಬೇಡಿ, ತೇವ ಶೇ. 70 ದಾಟಲು ಬಿಡಬೇಡಿ. ಮೊದಲ ಮೂರು ಜ್ವರ ಒಂದು ದಿನದಷ್ಟು, ನಾಲ್ಕನೆಯದು ಒಂದೂವರೆಯಿಂದ ಎರಡು ದಿನ.

ಉ) ನೂರಕ್ಕೆ ತೊಂಬತ್ತೈದು ಎದ್ದ ಮೇಲೆ ಮಾತ್ರ ಸೊಪ್ಪು ಹಾಕಿ. ಮೊದಲು ಎದ್ದವು ತಲೆಯೆತ್ತಿ ಹುಡುಕುತ್ತವೆ, ಕೈ ತಡೆಯುವುದಿಲ್ಲ, ತಡೆದುಕೊಳ್ಳಿ. ಅರ್ಧ ದಿನದ ಉಪವಾಸ ಹುಳುವನ್ನು ಕೊಲ್ಲುವುದಿಲ್ಲ.

5. ಕೊನೆಯ ಏಳೆಂಟು ದಿನ

ಐದನೇ ವಯಸ್ಸಿನಲ್ಲಿ ಕಡ್ಡಿ ಸಮೇತ ರೆಂಬೆ ಹಾಕಿ, ಒಂದು ಸಲ ತುದಿ ಈ ಕಡೆ, ಇನ್ನೊಂದು ಸಲ ಆ ಕಡೆ. ಕಡ್ಡಿಗಳ ನಡುವೆ ಗಾಳಿಯಾಡುತ್ತದೆ, ಕಸ ತೆಗೆಯುವ ಕೆಲಸವೂ ಕಡಿಮೆ. ದಿನ ಬೆಳಗ್ಗೆ ನೋಡಿ: ಹಳದಿಯಾಗಿ ಊದಿಕೊಂಡು ಹಾಲಿನಂಥ ದ್ರವ ಸೋರಿಸುವುದು ಹಾಲುತೊಂಡೆ, ಸತ್ತು ಗಟ್ಟಿಯಾಗಿ ಬಿಳಿ ಬೂಷ್ಟು ಹಿಡಿಯುವುದು ಸುಣ್ಣಕಟ್ಟು, ತೇವ ಹೆಚ್ಚಾದಾಗ ಬರುತ್ತದೆ. ಎರಡನ್ನೂ ಚಿಮಟದಿಂದ ಎತ್ತಿ ಸುಡಿ. ಕೈ ತೊಳೆಯದೆ ತಟ್ಟೆ ಮುಟ್ಟಬೇಡಿ.

ಇರುವೆಗೆ ಮೇಜಿನ ಕಾಲಡಿ ನೀರಿನ ಬಟ್ಟಲು ಸಾಕು. ಇಲಿ ದೊಡ್ಡ ಶತ್ರು. ಗುನ್ಮಾದ ಹುಳುಮನೆಗಳಲ್ಲಿ ಬೆಕ್ಕಿನ ಚಿತ್ರ ಅಂಟಿಸುತ್ತಿದ್ದರು. ತಂತಿಜಾಲರಿಯ ಮುಚ್ಚಳವನ್ನೂ ಹಾಕಿ.

6. ಗೂಡು ಕಟ್ಟಿಸುವುದು

ಹಣ್ಣಾದ ಹುಳು ಮೇವು ಬಿಟ್ಟು, ಸ್ವಲ್ಪ ಕುಗ್ಗಿ, ಬೆಳಕಿಗೆ ಹಿಡಿದರೆ ಜೇನುಬಣ್ಣದಲ್ಲಿ ಪಾರಾಗಿ ಕಾಣುತ್ತದೆ. ತಲೆ ಎತ್ತಿ ಆಡಿಸುತ್ತದೆ. ಗೂಡು ಕಟ್ಟಲು ನಾವು ಬಿದಿರಿನ ಚಂದ್ರಿಕೆಗೆ ಬಿಡುವಂತೆ ಜಪಾನಿನಲ್ಲಿ ಮಬುಶಿಗೆ ಬಿಡುತ್ತಾರೆ. ಹಳೆಯದು ಅಂಕುಡೊಂಕಾಗಿ ಮಡಿಸಿದ ಭತ್ತದ ಹುಲ್ಲು. ಆಮೇಲೆ ಬಂದದ್ದು ತಿರುಗುವ ಮಬುಶಿ: ರಟ್ಟಿನ ಒಂದು ಚೌಕಟ್ಟಿನಲ್ಲಿ 156 ಕೋಣೆ, ಅಂಥ 10 ಚೌಕಟ್ಟುಗಳನ್ನು ಸಾಲಾಗಿ ತೂಗುಹಾಕಿದ್ದು. ಹುಳು ಮೇಲಕ್ಕೆ ಹತ್ತುವ ಜಾತಿ. ಮೇಲ್ಭಾಗ ಭಾರವಾದಾಗ ಚೌಕಟ್ಟು ತಾನೇ ತಿರುಗಿ, ಖಾಲಿ ಕೋಣೆ ಮೇಲೆ ಬರುತ್ತದೆ. ನಿಮಗೆ ಎರಡು ಚೌಕಟ್ಟು ಧಾರಾಳ. ಸಿಗದಿದ್ದರೆ ರಟ್ಟಿನಲ್ಲೇ 3 × 4.5 ಸೆಂ.ಮೀ., 3 ಸೆಂ.ಮೀ. ಆಳದ ಕೋಣೆ ಮಾಡಿ.

ಕೋಣೆಯ ಅಳತೆ ಮೀರಬೇಡಿ. ದೊಡ್ಡದಾದರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ. ಎಳೆಗಳು ಹೆಣೆದುಕೊಂಡು ಆ ಜೋಡಿಗೂಡು ನೇರವಾಗಿ ಬಿಚ್ಚದು. ತೀರಾ ಹಣ್ಣಾದವನ್ನು ತಡವಾಗಿ ಒಟ್ಟಿಗೆ ಸುರಿದರೂ ಅದೇ ಗತಿ.

ಕಟ್ಟುವ ಮುಂಚೆ ಹುಳು ಕೊನೆಯ ಸಲ ಉಚ್ಚೆ ಹೊಯ್ಯುತ್ತದೆ, ಕಡಿಮೆಯೇನಲ್ಲ. ಕೆಳಗೆ ಪತ್ರಿಕೆ ಹಾಸಿ, ಮರುದಿನ ತೆಗೆಯಿರಿ. ಹಾಗೇ ಬಿಟ್ಟರೆ ತೇವ ಏರುತ್ತದೆ. ನೂಲಿನ ಗುಣ ನಿರ್ಧಾರವಾಗುವುದು ಹುಳು ಗೂಡು ಕಟ್ಟುವ ಈ ಮೂರು ದಿನಗಳಲ್ಲಿ: ಎಳೆಯನ್ನು ಸುತ್ತಿರುವ ಅಂಟು, ಅಂದರೆ ಸೆರಿಸಿನ್, ತೇವದ ಹವೆಯಲ್ಲಿ ನಿಧಾನವಾಗಿ ಒಣಗಿ ಪದರಗಳನ್ನು ಬಿಗಿಯಾಗಿ ಬೆಸೆದುಬಿಡುತ್ತದೆ, ಆಮೇಲೆ ಬಿಚ್ಚುವಾಗ ಎಳೆ ಹೆಜ್ಜೆಹೆಜ್ಜೆಗೂ ಕಡಿಯುತ್ತದೆ. 23–24 ಡಿಗ್ರಿ, ತೇವ ಶೇ. 60–65, ಮೆಲ್ಲನೆಯ ಗಾಳಿ, ಮಂದ ಬೆಳಕು. ಸೊಪ್ಪು ಎಷ್ಟೇ ಚೆನ್ನಾಗಿ ಹಾಕಿದ್ದರೂ ಇಲ್ಲಿ ಕೆಟ್ಟದ್ದನ್ನು ಆಮೇಲೆ ಸರಿಪಡಿಸಲಾಗದು.

7. ಬಿಡಿಸುವುದು, ಆರಿಸುವುದು

ಹುಳುವನ್ನು ಮಬುಶಿಗೆ ಬಿಟ್ಟ ಏಳು–ಎಂಟನೆಯ ದಿನ ಒಂದು ಗೂಡನ್ನು ಕಿವಿಯ ಹತ್ತಿರ ಅಲುಗಿಸಿ. ಗಲಗಲ ಎಂದರೆ ಒಳಗೆ ಕೋಶ (ಪ್ಯೂಪಾ) ಗಟ್ಟಿಯಾಗಿದೆ. ಮೊದಲೇ ಬಿಡಿಸಿದರೆ ಎಳೆಯ ಕೋಶ ಒಡೆದು ಒಳಗಿಂದ ಕಲೆಯಾಗುತ್ತದೆ. ಹೊರಗಿನ ಜುಂಗನ್ನು ಬೆರಳಿನಿಂದ ಸುಲಿದು, ಜೋಡಿಗೂಡು, ಕಲೆಯವು, ತುದಿ ತೆಳುವಾದವು ಇವನ್ನು ಬೇರೆ ಮಾಡಿ. ಎಸೆಯಬೇಡಿ, ಹತ್ತನೆಯ ಹಂತಕ್ಕೆ ಬೇಕು.

ಎರಡು ವಾರದ ಹೊತ್ತಿಗೆ ಚಿಟ್ಟೆ ಗೂಡು ತೂತು ಮಾಡಿ ಹೊರಬರುತ್ತದೆ. ಅದಕ್ಕೆ ಹತ್ತನೆಯ ದಿನದೊಳಗೆ ಹಸಿಯಾಗಿಯೇ ನೂಲು ತೆಗೆಯಿರಿ, ಇಲ್ಲವೇ ಗಾಳಿಯಾಡದ ಚೀಲದಲ್ಲಿ ಫ್ರೀಜರ್‌ಗೆ ಹಾಕಿ. ಬಿಸಿಲಿಗೆ ಒಣಗಿಸುವುದು ಹಳೆಯ ರೂಢಿಯಾದರೂ ಎಳೆ ಹಳದಿಗಟ್ಟಿ ದುರ್ಬಲವಾಗುತ್ತದೆ.

ಚಿಟ್ಟೆ ಮಾಡಿಸಿ ಮೊಟ್ಟೆ ಉಳಿಸಿಕೊಳ್ಳಬಹುದೇ ಎಂದು ಕೇಳುತ್ತಾರೆ. ಕೊಂಡ ಮೊಟ್ಟೆ ಮಿಶ್ರತಳಿಯದು. ಮುಂದಿನ ಪೀಳಿಗೆ ಹತ್ತು ಬಗೆಯಾಗಿ ಹೋಗುತ್ತದೆ. ಮಿಶ್ರತಳಿಯ ಲಾಭವನ್ನು ತೋರಿಸಿದ ತೋಯಾಮಾ ಕಾಮೆತಾರೊ 1906ರಲ್ಲೇ ರೇಷ್ಮೆಹುಳುವಿನಲ್ಲಿ ಮೆಂಡಲನ ನಿಯಮ ನಡೆಯುತ್ತದೆಂದು ಸಾಬೀತು ಮಾಡಿದ್ದ. ಕೊಯಿಶಿಮಾರು ಎಂಬ ಅರಮನೆಯ ಹಳೆಯ ತಳಿಯನ್ನು ಕೇಳಿಕೊಂಡು ಹೋಗುವವರೂ ಉಂಟು. ಎಳೆ ಬಹಳ ನವಿರು, ಗೂಡು ಚಿಕ್ಕದು, ನೂಲು ಕಡಿಮೆ, ಕಲಿಯುವವರಿಗಲ್ಲ.

8. ನೂಲು ತೆಗೆಯುವುದು

ಗುನ್ಮಾದ ಹಳೆಯ ಹೆಸರು ಜೋಶು. ಅಲ್ಲಿಯ ಕೈರಾಟೆ ಜೋಶು ಜಗುರಿ: ಮರದ ಹಲ್ಲುಚಕ್ರ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈ ಗೂಡುಗಳ ಮೇಲೆ. ನಮ್ಮ ಚರಕದಲ್ಲಿ ತಿರುಗಿಸುವವರು, ಎಳೆ ಕೊಡುವವರು ಇಬ್ಬರು ಬೇಕು. ಇದನ್ನು ಒಬ್ಬರೇ ಕೂತು ನಡೆಸಬಹುದು.

ಅ) 60 ಗೂಡನ್ನು ಜಾಲರಿಯಲ್ಲಿಟ್ಟು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಮುಳುಗಿಸಿ ಹಿಡಿಯಿರಿ. ಕೂಡಲೇ ತಣ್ಣೀರು ಸುರಿದು 60–70 ಡಿಗ್ರಿಗೆ ಇಳಿಸಿ. ಒಳಗಿನ ಬಿಸಿಗಾಳಿ ಕುಗ್ಗಿ ಗೂಡು ನೀರು ಹೀರುತ್ತದೆ. ಅರೆಪಾರದರ್ಶಕವಾಗಿ ಅರ್ಧ ಮುಳುಗಿ ತೇಲಿದರೆ ಬೆಂದಿದೆ. ಬೆಂಗಳೂರಿನ ಕೊಳವೆಬಾವಿಯ ಗಡಸು ನೀರು ಬೇಡ, ಮಳೆನೀರು ಬಳಸಿ.

ಆ) ನೀರನ್ನು 80 ಡಿಗ್ರಿಗೆ ತಂದು, ಭತ್ತದ ಹುಲ್ಲಿನ ಒಳದಂಟಿನ ಸಣ್ಣ ಪೊರಕೆಯಿಂದ ಗೂಡುಗಳ ತಲೆಯನ್ನು ಮೃದುವಾಗಿ ಸವರಿ. ಎಳೆಗಳು ಪೊರಕೆಗೆ ಹತ್ತುತ್ತವೆ. ಮೊದಲು ಬರುವುದು ಸಿಕ್ಕು; ಒಂದೊಂದು ಗೂಡಿನಿಂದ ಒಂದೊಂದೇ ಎಳೆ ಬರುವವರೆಗೆ ಎಳೆಯುತ್ತಾ ಹೋಗಿ. ಈ ಸಿಕ್ಕು ಕಿಬಿಸೊ, ಒಣಗಿಸಿಡಿ.

ಇ) 15 ಗೂಡಿನ ಎಳೆ ಒಟ್ಟುಗೂಡಿಸಿ ರಾಟೆಯ ಕಣ್ಣಿನಲ್ಲಿ (ನೂಲು ಹಾಯುವ ಸಣ್ಣ ತೂತಿನಲ್ಲಿ) ತೂರಿಸಿ, ಗಾಲಿಯ ಮೇಲೆ ಹಾಯಿಸಿ ರಾಟೆಗೆ ಕಟ್ಟಿ, ನಿಧಾನ ತಿರುಗಿಸಿ. ಒಂದು ಎಳೆ ಹೆಚ್ಚುಕಡಿಮೆ 3 ಡೆನಿಯರ್ (9,000 ಮೀಟರ್ ನೂಲಿನ ಗ್ರಾಂ ತೂಕ), ಹಾಗಾಗಿ 15 ಸೇರಿ 45. ಗಿರಣಿಯ 21 ಡೆನಿಯರ್ ನೂಲಿಗೆ ಏಳೆಂಟು ಗೂಡು ಸಾಕು, ಆದರೆ ಮೊದಲ ಸಲ ಅಷ್ಟು ತೆಳು ಹಿಡಿಯಲು ಹೋಗಬೇಡಿ.

ಈ) ಗೂಡು ತೆಳುವಾಗಿ ಒಳಗಿನ ಕೋಶ ಕಂಡರೆ ತೆಗೆದು, ಹೊಸ ಗೂಡಿನ ಎಳೆಯನ್ನು ಓಡುತ್ತಿರುವ ನೂಲಿಗೆ ತಾಕಿಸಿ, ಅಂಟೇ ಹಿಡಿದುಕೊಳ್ಳುತ್ತದೆ. ಗೂಡಿನ ಸಂಖ್ಯೆ ಸದಾ 15 ಇರಬೇಕು. ಎಲ್ಲವನ್ನೂ ಒಟ್ಟಿಗೆ ಶುರುಮಾಡಿ ಒಟ್ಟಿಗೆ ಮುಗಿಸಬೇಡಿ: ಎಳೆ ಒಳಗೆ ಹೋದಂತೆ ತೆಳುವಾಗುವುದರಿಂದ ನೂಲಿನ ಒಂದು ತುದಿ ದಪ್ಪ, ಇನ್ನೊಂದು ಸಪೂರ ಆಗುತ್ತದೆ.

*ಏನು ಕೆಟ್ಟಿದೆ ಎಂದು ತಿಳಿಯುವುದು.* ಗೂಡು ನೀರಿನಿಂದ ಎಗರಿ ಕಣ್ಣಿನವರೆಗೆ ಬಂದರೆ ಬೆಂದಿಲ್ಲ. ಎಳೆ ಗುಪ್ಪೆಗುಪ್ಪೆಯಾಗಿ ಬಂದು ನೂಲಿನಲ್ಲಿ ಗಂಟಾದರೆ ಹೆಚ್ಚು ಬೆಂದಿದೆ ಅಥವಾ ನೀರು ಅತಿ ಬಿಸಿ. ಪದೇಪದೇ ಕಡಿದರೆ ನೀರು ತಣ್ಣಗಾಗಿದೆ; ಬಿಸಿ ಮಾಡಿದರೂ ಕಡಿದರೆ ಆರನೆಯ ಹಂತ ಕೆಟ್ಟಿದೆ ಎಂದರ್ಥ.

9. ಮರುಸುತ್ತು ಮತ್ತು ಅಂಟು ಬಿಡಿಸುವುದು

ಅದೇ ದಿನ, ನೂಲು ಪೂರ್ತಿ ಒಣಗುವ ಮುಂಚೆ ದೊಡ್ಡ ರಾಟೆಗೆ ಸುತ್ತಿ. ಬಿಟ್ಟರೆ ರಾಟೆಯ ಮೂಲೆಗಳಲ್ಲಿ ಅಂಟಿ ಹಲಗೆಯಾಗುತ್ತದೆ. ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿ.

ಎಲ್ಲ ಸರಿಹೋದರೆ 50 ಗ್ರಾಂ ನೂಲು ಬರುತ್ತದೆ. ಒಂದು ಕಿಮೋನೊ ಬಟ್ಟೆಗೆ ಸುಮಾರು 2,600–3,000 ಗೂಡು ಬೇಕು, ಹಾಗಾಗಿ ಕಿಮೋನೊ ಕನಸು ಬೇಡ.

ಹಿಂದೆ ಹುಲ್ಲಿನ ಬೂದಿಯ ತಿಳಿನೀರಿನಲ್ಲಿ ಅಂಟು ಬಿಡಿಸುತ್ತಿದ್ದರು. 50 ಗ್ರಾಂಗೆ ಎರಡು ಲೀಟರ್ ನೀರು, 10–12 ಗ್ರಾಂ ಮೆದು ಸೋಪು, 90–95 ಡಿಗ್ರಿಯಲ್ಲಿ ಮುಕ್ಕಾಲರಿಂದ ಒಂದು ಗಂಟೆ. ಕುದಿಸಬೇಡಿ, ಎಳೆ ಸಿಕ್ಕಾಗುತ್ತದೆ. ಮೊದಲು ಬಿಸಿನೀರಿನಲ್ಲೇ ಜಾಲಿಸಿ. ತೂಕ ಕಾಲುಭಾಗ ಇಳಿದು 38 ಗ್ರಾಂ ಆದರೆ ಸರಿಯಾಗಿದೆ.

10. ಉಳಿದ ಗೂಡಿನಿಂದ ಮವಾತ

ಜೋಡಿಗೂಡು, ಕಲೆಗೂಡುಗಳನ್ನು ಬಟ್ಟೆಯಲ್ಲಿ ಕಟ್ಟಿ, ಲೀಟರಿಗೆ 5 ಗ್ರಾಂ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಒಂದು ಗಂಟೆ ಬೇಯಿಸಿ. ತೊಳೆದು, ಉಗುರುಬೆಚ್ಚಗಿನ ನೀರಿನೊಳಗೇ ಒಂದು ತುದಿ ಬಿಡಿಸಿ, ಕೋಶ ತೆಗೆದು, ಗೂಡನ್ನು ಬೆರಳುಗಳ ಮೇಲೆ ಚೀಲದಂತೆ ಹಿಗ್ಗಿಸಿ. ಐದಾರು ಗೂಡು ಒಂದರ ಮೇಲೊಂದು ಹಾಕಿದರೆ ಒಂದು ಮವಾತ. ಇಬರಾಕಿ, ತೊಚಿಗಿ ಪ್ರಾಂತ್ಯಗಳ ಯೂಕಿ ಬಟ್ಟೆಯ ನೂಲು ಇಂಥದ್ದರಿಂದಲೇ ಬರುವುದು: ಕಡ್ಡಿಗೆ ಸಿಕ್ಕಿಸಿ, ಹುರಿ ಹಾಕದೆ, ಒದ್ದೆ ಬೆರಳಿನಿಂದ ಎಳೆದದ್ದು.

ಎಳೆಯುವ ಮುಂಚೆ ಮವಾತ ಪೂರ್ತಿ ಒಣಗಿರಲಿ, ಉಗುರು ಕತ್ತರಿಸಿ, ಬೆರಳಿನ ಒರಟು ಚರ್ಮ ಉಜ್ಜಿ ನುಣುಪು ಮಾಡಿಕೊಳ್ಳಿ. ಇಲ್ಲದಿದ್ದರೆ ಎಳೆ ನೂಲಿಗೆ ಹೋಗುವ ಬದಲು ಕೈಗೇ ಸುತ್ತಿಕೊಳ್ಳುತ್ತದೆ.